ಪೆಟ್ರೋಲ್ ದುಬಾರಿಯಾಯಿತು, ಕೆಲಸಕ್ಕೆ ಸೈಕಲ್‌ನಲ್ಲಿ ಹೋಗಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಇಂಧನದ ಬೆಲೆ ಏರಿದಾಗಲೆಲ್ಲ ಮೂಲೆಯಲ್ಲಿ ಧೂಳು ಹಿಡಿದು ನಿಂತಿದ್ದ ಸೈಕಲ್‌ಗಳು ಹೊರಗೆ ಬರುತ್ತವೆ. ನಾನು ಕೆಲವು ವರ್ಷಗಳಿಂದ ಕೆಲಸಕ್ಕೆ ಸೈಕಲ್‌ನಲ್ಲೇ ಹೋಗುತ್ತಿದ್ದೇನೆ. ಹಾಗಾಗಿ ಹೊಸದಾಗಿ ಶುರು ಮಾಡುವವರು ನನ್ನನ್ನು ಕೇಳುತ್ತಲೇ ಇರುತ್ತಾರೆ. ಅವರಲ್ಲಿ ಹಲವರು ಮೂರೇ ವಾರದಲ್ಲಿ ಬಿಟ್ಟುಬಿಡುವುದನ್ನೂ ನೋಡಿದ್ದೇನೆ. ಕಾಲಲ್ಲಿ ಶಕ್ತಿ ಇಲ್ಲ ಅಂತ ಬಿಟ್ಟವರು ಕಡಿಮೆ. ಸೀಟು ತಗ್ಗಾಗಿತ್ತು, ಟೈರಿನಲ್ಲಿ ಗಾಳಿ ಇರಲಿಲ್ಲ, ಹಿಡಿದ ದಾರಿ ಸರಿ ಇರಲಿಲ್ಲ, ಇಷ್ಟೇ. ಅದಕ್ಕೇ ಅಂಥ ವಿಷಯಗಳನ್ನು ಇಲ್ಲಿ ಸ್ವಲ್ಪ ಜಾಸ್ತಿಯೇ ಬರೆದಿದ್ದೇನೆ.

ನಿಜವಾಗಿ ಎಷ್ಟು ಇಂಧನ ಉಳಿಯುತ್ತದೆ?

ಲೆಕ್ಕ ಸುಲಭ. ಮನೆಯಿಂದ ಕೆಲಸದ ಜಾಗಕ್ಕೆ ಇರುವ ದೂರವನ್ನು ಎರಡು ಪಟ್ಟು ಮಾಡಿ. ತಿಂಗಳಲ್ಲಿ ಎಷ್ಟು ದಿನ ಸೈಕಲ್ ತುಳಿಯುತ್ತೀರೋ ಅಷ್ಟರಿಂದ ಗುಣಿಸಿ. ಬಂದದ್ದನ್ನು ನಿಮ್ಮ ಗಾಡಿಯ ಮೈಲೇಜಿನಿಂದ ಭಾಗಿಸಿ. ಉದಾಹರಣೆಗೆ ದೂರ 7 ಕಿಲೋಮೀಟರ್, ತಿಂಗಳಿಗೆ 20 ದಿನ ಅಂದುಕೊಳ್ಳಿ. ಒಟ್ಟು 280 ಕಿಲೋಮೀಟರ್ ಆಯಿತು. ಟ್ರಾಫಿಕ್‌ನಲ್ಲಿ ಲೀಟರಿಗೆ 14 ಕಿಲೋಮೀಟರ್ ಕೊಡುವ ಕಾರಾದರೆ 20 ಲೀಟರ್ ಉಳಿಯಿತು. 40 ಕೊಡುವ ಸ್ಕೂಟರ್ ಆದರೆ 7 ಲೀಟರ್.

ಸ್ಕೂಟರಿನವರಿಗೆ ಉಳಿತಾಯ ಕಡಿಮೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಕಾರಿನವರಿಗೆ ನಿಜವಾದ ಉಳಿತಾಯ ಈ ಲೆಕ್ಕಕ್ಕಿಂತ ಹೆಚ್ಚೇ ಇರುತ್ತದೆ. ಎಂಜಿನ್ ತಣ್ಣಗಿದ್ದಾಗ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಹತ್ತಿರದ ಓಡಾಟದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವ ಹೊತ್ತಿಗೆ ನೀವು ತಲುಪಿಯೇ ಬಿಟ್ಟಿರುತ್ತೀರಿ. ಪಾರ್ಕಿಂಗ್, ಸರ್ವಿಸ್, ಟೈರು ಸವೆತ ಇದರಲ್ಲಿ ಸೇರಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. 20 ಲೀಟರ್ ಉಳಿದರೆ ತಿಂಗಳಿಗೆ 46 ಕಿಲೋ ಕಡಿಮೆಯಾಯಿತು.

ಸೈಕಲ್ ತುಳಿದರೆ ಹಸಿವು ಜಾಸ್ತಿಯಾಗಲ್ವಾ? ಉಳಿದ ದುಡ್ಡು ಊಟಕ್ಕೇ ಹೋಗಲ್ವಾ?

ಸ್ವಲ್ಪ ಹಸಿವಾಗುತ್ತದೆ, ನಿಜ. ಆದರೆ ಮನುಷ್ಯ ತನ್ನ ಬಲದಲ್ಲೇ ಓಡಾಡುವುದಕ್ಕೆ ಸೈಕಲ್‌ನಷ್ಟು ಕಡಿಮೆ ಶಕ್ತಿಯಲ್ಲಿ ನಡೆಯುವ ಸಾಧನ ಇನ್ನೊಂದಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಆರಾಮಾಗಿ ಹೋದರೆ ಕಿಲೋಮೀಟರಿಗೆ ಸುಮಾರು 25 ಕ್ಯಾಲೊರಿ ಸಾಕು. ಒಂದು ಲೀಟರ್ ಪೆಟ್ರೋಲಿನಲ್ಲಿರುವ ಶಕ್ತಿಯನ್ನು ಇದೇ ಲೆಕ್ಕಕ್ಕೆ ತಂದರೆ ಸುಮಾರು 8000 ಕ್ಯಾಲೊರಿ. ಅಷ್ಟರಲ್ಲಿ ಸೈಕಲ್ ಸವಾರ 300 ಕಿಲೋಮೀಟರ್ ದಾಟುತ್ತಾನೆ. ಕಾರಿಗೆ ಅಷ್ಟೊಂದು ಬೇಕಾಗುವುದು ಯಾಕೆ? ನಿಮ್ಮ ಜೊತೆಗೆ ಅದು ಸುಮಾರು ಒಂದು ಟನ್ನಿನಷ್ಟು ತನ್ನದೇ ಭಾರವನ್ನೂ ಹೊತ್ತುಕೊಂಡು ಹೋಗಬೇಕು. ಅದರ ಮೇಲೆ, ಪೆಟ್ರೋಲ್ ಎಂಜಿನ್ನಿನ ಶಕ್ತಿಯಲ್ಲಿ ಹೆಚ್ಚಿನ ಪಾಲು ಬರೀ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಸೈಕಲ್ ಚೈನು ಶುಚಿಯಾಗಿದ್ದು ಎಣ್ಣೆ ಕಂಡಿದ್ದರೆ, ಪೆಡಲ್ಲಿಗೆ ಹಾಕಿದ ಬಲದಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಹಿಂದಿನ ಚಕ್ರಕ್ಕೆ ತಲುಪುತ್ತದೆ.

ಎಷ್ಟು ದೂರದವರೆಗೆ ಹೋಗಬಹುದು? ಎಷ್ಟು ಹೊತ್ತು ಬೇಕು?

ಅಭ್ಯಾಸವಿಲ್ಲದವರೂ ಗಂಟೆಗೆ 12 ರಿಂದ 15 ಕಿಲೋಮೀಟರ್ ವೇಗದಲ್ಲಿ ಹೋಗಬಹುದು. ಅಂದರೆ 5 ಕಿಲೋಮೀಟರಿಗೆ 20-25 ನಿಮಿಷ. ಸಿಗ್ನಲ್‌ಗಳು ಹೆಚ್ಚಿದ್ದರೆ ಇನ್ನೊಂದು ಐದು ನಿಮಿಷ. 8 ಕಿಲೋಮೀಟರ್ ಒಳಗೆ ಇದ್ದರೆ ಯೋಚನೆಯೇ ಬೇಡ, ಶುರು ಮಾಡಿ. 8 ರಿಂದ 15 ಇದ್ದರೆ ವಾರಕ್ಕೆ ಎರಡು ದಿನದಿಂದ ಶುರು ಮಾಡುವುದು ಒಳ್ಳೆಯದು. ಅದಕ್ಕಿಂತ ದೂರವಿದ್ದರೆ ಬಸ್ಸು, ರೈಲಿನ ಜೊತೆ ಸೈಕಲ್ ಸೇರಿಸುವ ದಾರಿ ಹುಡುಕಿ. ಇಲ್ಲವೇ ಎಲೆಕ್ಟ್ರಿಕ್ ಸೈಕಲ್ ನೋಡಿ.

ನನಗೆ ತುಂಬ ಇಷ್ಟವಾದ ವಿಷಯ ಒಂದಿದೆ. ಸೈಕಲ್‌ನಲ್ಲಿ ಹೋದರೆ ತಲುಪುವ ಹೊತ್ತು ದಿನದಿಂದ ದಿನಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ. ಟ್ರಾಫಿಕ್ ಜಾಮ್ ಆದ ದಿನವೂ ನನಗೆ ಎರಡು ಮೂರು ನಿಮಿಷ ತಡವಾಗಬಹುದು, ಅಷ್ಟೇ. ಮನೆಯವರಿಗೆ "ಇಷ್ಟು ಗಂಟೆಗೆ ಬರ್ತೀನಿ" ಅಂತ ಧೈರ್ಯವಾಗಿ ಹೇಳಬಹುದು.

ಮೂಲೆಯಲ್ಲಿ ನಿಂತಿರುವ ಹಳೇ ಸೈಕಲ್ ಸಾಕಾ? ಹೊಸದು ಬೇಕಾ?

ಮೊದಲು ಹಳೆಯದನ್ನೇ ನೋಡಿ. ಫ್ರೇಮ್ ಗಟ್ಟಿಯಾಗಿದ್ದರೆ ಮಿಕ್ಕದ್ದೆಲ್ಲ ಸರಿ ಮಾಡಿಸಬಹುದು. ಬೆಸುಗೆ ಹಾಕಿದ ಜಾಗಗಳಲ್ಲಿ ಬಿರುಕು ಇದೆಯಾ ಅಂತ ಬೆಳಕಿನಲ್ಲಿ ಪರೀಕ್ಷಿಸಿ. ಬಿರುಕಿದ್ದರೆ ಆ ಸೈಕಲ್ ಬೇಡವೇ ಬೇಡ.

ಆಮೇಲೆ ಟೈರು. ಬಹಳ ದಿನ ಗಾಳಿ ಇಲ್ಲದೆ ನಿಂತ ಟೈರಿನ ಪಕ್ಕದಲ್ಲಿ ಸಣ್ಣ ಸೀಳುಗಳು ಬಂದಿರುತ್ತವೆ. ಅಂಥವನ್ನು ಬದಲಿಸಿಬಿಡಿ, ಟ್ಯೂಬೂ ಹೊಸದು ಹಾಕಿಸಿ. ಚಕ್ರ ಎತ್ತಿ ತಿರುಗಿಸಿ. ಅಡ್ಡಡ್ಡ ಓಲಾಡುತ್ತಿದ್ದರೆ ಕಡ್ಡಿಗಳನ್ನು ಬಿಗಿ ಮಾಡಿಸಬೇಕು. ಬ್ರೇಕ್ ರಬ್ಬರು ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಅದನ್ನೂ ಬ್ರೇಕ್ ಕೇಬಲ್ಲನ್ನೂ ಒಟ್ಟಿಗೇ ಬದಲಿಸಿ. ಚೈನು ಬರೀ ಮೇಲ್ಮೈಯಲ್ಲಿ ತುಕ್ಕು ಹಿಡಿದಿದ್ದರೆ ಒರೆಸಿ ಎಣ್ಣೆ ಬಿಟ್ಟರೆ ಸಾಕು. ಕೊಂಡಿಗಳು ಮಡಚದೆ ಬಿಗಿಯಾಗಿದ್ದರೆ ಹೊಸ ಚೈನು ಹಾಕಿಸಿ. ಕೊನೆಗೆ ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಾಡಿಸಿ. ಹ್ಯಾಂಡಲ್ ಬುಡದಲ್ಲಿ ಟಕ್ ಟಕ್ ಅಂದರೆ ಅಲ್ಲಿನ ಬೇರಿಂಗ್ ಸಡಿಲವಾಗಿದೆ. ಇದಕ್ಕೆಲ್ಲ ಸೈಕಲ್ ರಿಪೇರಿಯವರಿಗೆ ಒಂದು ದಿನ ಸಾಕಾಗುತ್ತದೆ.

ಹೊಸದೇ ಕೊಳ್ಳುವುದಾದರೆ ರೇಸಿನದ್ದೂ ಬೇಡ, ದಪ್ಪ ಹಲ್ಲಿನ ಟೈರಿನ ಬೆಟ್ಟದ ಸೈಕಲ್ಲೂ ಬೇಡ. ಡಾಂಬರು ರಸ್ತೆಯಲ್ಲಿ ಆ ಹಲ್ಲುಗಳು ಸುಮ್ನೆ ಭಾರ. ಸಾಧಾರಣ ಅಗಲದ ನಯವಾದ ಟೈರು, ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್, ಬೆಲ್ ಇರುವ ಸೈಕಲ್ ತೆಗೆದುಕೊಳ್ಳಿ. ಕೆಲಸಕ್ಕೆ ಹೋಗುವವರಿಗೆ ಹತ್ತು ಗೇರಿಗಿಂತ ಒಂದು ಕ್ಯಾರಿಯರ್ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎರಡೇ ದಿನಕ್ಕೆ ಮಂಡಿ ನೋವು ಬಂತು. ನನಗೆ ಸೈಕಲ್ ಒಗ್ಗಲ್ವಾ?

ದಯವಿಟ್ಟು ಈಗಲೇ ಬಿಡಬೇಡಿ. ನೂರರಲ್ಲಿ ಎಂಬತ್ತು ಸಲ ಅಂತ ಬಾಯಿಮಾತಿಗೆ ಹೇಳುತ್ತೇನೆ, ತಪ್ಪು ಸೀಟಿನದು. ನನಗೂ ಮೊದಲ ತಿಂಗಳು ಹೀಗೇ ಆಗಿತ್ತು. ಎರಡೂ ಕಾಲು ನೆಲಕ್ಕೆ ಪೂರ್ತಿ ಊರಬೇಕು ಅನ್ನುವ ಭಯದಲ್ಲಿ ಸೀಟು ತುಂಬ ಇಳಿಸಿಕೊಂಡಿದ್ದೆ. ಹಾಗೆ ಕೂತರೆ ಮಂಡಿ ಯಾವಾಗಲೂ ಮಡಚಿಕೊಂಡೇ ಇರುತ್ತದೆ, ಭಾರವೆಲ್ಲ ಅಲ್ಲೇ ಬೀಳುತ್ತದೆ.

ಹೀಗೆ ಮಾಡಿ. ಗೋಡೆ ಹಿಡಿದು ಸೀಟಿನ ಮೇಲೆ ನೆಟ್ಟಗೆ ಕೂತುಕೊಳ್ಳಿ. ಪೆಡಲ್ ಅತ್ಯಂತ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ಪೂರ್ತಿ ನೇರವಾಗಬೇಕು. ಇಷ್ಟು ಎತ್ತರ ಸರಿ. ತುಳಿಯುವಾಗ ಹಿಮ್ಮಡಿಯ ಬದಲು ಪಾದದ ಮುಂಭಾಗ ಪೆಡಲ್ ಮೇಲೆ ಇರುತ್ತದೆ, ಆಗ ಮಂಡಿ ಸ್ವಲ್ಪವೇ ಮಡಚುತ್ತದೆ. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಜಾರಿ ಒಂದು ಕಾಲು ಊರಿದರೆ ಆಯಿತು. ಎರಡು ದಿನದಲ್ಲಿ ಅಭ್ಯಾಸವಾಗುತ್ತದೆ.

ಗೇರು ಇದ್ದರೆ ಹಗುರವಾದ ಗೇರಿನಲ್ಲೇ ತುಳಿಯಿರಿ. ನಿಮಿಷಕ್ಕೆ 60 ರಿಂದ 80 ಸುತ್ತು ಕಾಲು ತಿರುಗಿದರೆ ಮಂಡಿಗೆ ಹಿತ. ಗಟ್ಟಿ ಗೇರಿನಲ್ಲಿ ಒತ್ತಿ ಒತ್ತಿ ತುಳಿಯುವುದು ನೋವಿಗೆ ದಾರಿ. ಇಷ್ಟೆಲ್ಲ ಮಾಡಿಯೂ ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ.

ಟೈರಿಗೆ ಎಷ್ಟು ಗಾಳಿ ಹೊಡೆಸಬೇಕು?

ಟೈರಿನ ಪಕ್ಕದಲ್ಲೇ ಅಂಕಿ ಅಚ್ಚಾಗಿರುತ್ತದೆ. ಅದರೊಳಗೆ ಇರಲಿ. ಸೈಕಲ್ ಟ್ಯೂಬಿನಿಂದ ಗಾಳಿ ತಾನಾಗಿಯೇ ಸೋರುತ್ತದೆ, ಹಾಗಾಗಿ ವಾರಕ್ಕೊಮ್ಮೆ ನೋಡಲೇಬೇಕು. ಗಾಳಿ ಕಡಿಮೆಯಿದ್ದರೆ ಸೈಕಲ್ ಭಾರವಾಗುತ್ತದೆ. ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ ಪಂಕ್ಚರ್ ಆಗುತ್ತದೆ. ಮನೆಯಲ್ಲೊಂದು ನಿಲ್ಲಿಸಿ ಒತ್ತುವ ಪಂಪು ಇಟ್ಟುಕೊಳ್ಳಿ. ಸೈಕಲ್ಲಿಗೆ ಖರ್ಚು ಮಾಡುವುದರಲ್ಲಿ ಇದಕ್ಕಿಂತ ಒಳ್ಳೆಯ ಖರ್ಚು ನನಗೆ ಗೊತ್ತಿಲ್ಲ.

ಯಾವ ದಾರಿ ಹಿಡಿಯಬೇಕು?

ಕಾರಿನಲ್ಲಿ ಹೋಗುವ ದಾರಿಯನ್ನೇ ಹಿಡಿಯುವುದು ಹೊಸಬರು ಮಾಡುವ ದೊಡ್ಡ ತಪ್ಪು. ಕಾರಿಗೆ ಅಗಲ ರಸ್ತೆ ಬೇಕು. ಸೈಕಲ್ಲಿಗೆ ನಿಧಾನವಾದ ರಸ್ತೆ ಬೇಕು. ಮುಖ್ಯ ರಸ್ತೆಗೆ ಜೋಡಿಯಾಗಿ ಒಳಗೊಳಗೇ ಹೋಗುವ ಒಂದು ದಾರಿ ಬಹಳ ಕಡೆ ಇರುತ್ತದೆ. ಅರ್ಧ ಕಿಲೋಮೀಟರ್ ಹೆಚ್ಚಾದರೂ ಅದೇ ಒಳ್ಳೆಯದು. ಹೊಗೆ ಕಡಿಮೆ, ಹಾರ್ನ್ ಕಡಿಮೆ, ನೆರಳೂ ಸಿಗಬಹುದು.

ರಜಾದಿನ ಬೆಳಗ್ಗೆ ಒಮ್ಮೆ ಹೋಗಿ ಬನ್ನಿ. ಗುಂಡಿ ಎಲ್ಲಿದೆ, ಏರು ಎಲ್ಲಿದೆ, ಎಲ್ಲಿ ತಿರುಗುವುದು ಕಷ್ಟ, ಎಲ್ಲಿ ಬೀದಿದೀಪ ಇಲ್ಲ ಅಂತ ನೋಡಿಕೊಳ್ಳಿ. ಕಷ್ಟದ ಒಂದು ಜಂಕ್ಷನ್ ಇದ್ದರೆ ಅಲ್ಲಿ ಇಳಿದು ಪಾದಚಾರಿಗಳ ಜೊತೆ ತಳ್ಳಿಕೊಂಡು ದಾಟಿ. ಒಂದೆರಡು ನಿಮಿಷ ಹೋಗುತ್ತದೆ, ಆದರೆ ಉಳಿದ ದಾರಿ ನಿಶ್ಚಿಂತೆ.

ರಸ್ತೆಯಲ್ಲಿ ಭಯ ಆಗುತ್ತದೆ. ಏನು ಮಾಡಲಿ?

ಭಯಕ್ಕೆ ಕಾರಣ ಇದೆ, ಅದನ್ನು ತಳ್ಳಿಹಾಕಲಾರೆ. ಕೆಲವು ಅಭ್ಯಾಸಗಳು ಮಾತ್ರ ಅಪಾಯವನ್ನು ಬಹಳ ಕಡಿಮೆ ಮಾಡುತ್ತವೆ.

ವಾಹನಗಳು ಹೋಗುವ ದಿಕ್ಕಿನಲ್ಲೇ ಹೋಗಿ, ಎದುರು ದಿಕ್ಕಿನಲ್ಲಿ ಎಂದೂ ಬೇಡ. ರಸ್ತೆಯ ಅಂಚಿಗೆ ಪೂರ್ತಿ ಅಂಟಿಕೊಳ್ಳಬೇಡಿ. ಅಲ್ಲಿ ಮಣ್ಣು, ಗಾಜಿನ ಚೂರು, ಚರಂಡಿಯ ಜಾಲರಿ ಎಲ್ಲ ಇರುತ್ತವೆ. ನಿಂತ ಕಾರುಗಳಿಂದ ಒಂದು ಮೀಟರಿಗಿಂತ ಹೆಚ್ಚು ದೂರ ಇರಿ, ಯಾರಾದರೂ ತಟ್ಟನೆ ಬಾಗಿಲು ತೆಗೆಯಬಹುದು. ನೇರ ಗೆರೆಯಲ್ಲಿ ಸಾಗಿ. ನಿಂತ ಕಾರುಗಳ ನಡುವೆ ಒಳಗೆ ನುಗ್ಗಿ ಹೊರಗೆ ಬರುವುದು ಹಿಂದಿನವರಿಗೆ ಗೊತ್ತಾಗುವುದಿಲ್ಲ. ತಿರುಗುವ ಮುಂಚೆ ಹಿಂದೆ ನೋಡಿ, ಕೈ ತೋರಿಸಿ.

ಲಾರಿ, ಬಸ್ಸಿನ ವಿಷಯ ಬೇರೆಯಾಗಿಯೇ ಹೇಳಬೇಕು. ತಿರುಗಲು ನಿಂತ ದೊಡ್ಡ ಗಾಡಿಯ ಪಕ್ಕದ ಸಂದಿಗೆ ನುಗ್ಗಬೇಡಿ. ಚಾಲಕನಿಗೆ ಆ ಜಾಗ ಕಾಣುವುದಿಲ್ಲ. ಜೊತೆಗೆ, ತಿರುಗುವಾಗ ಹಿಂದಿನ ಚಕ್ರಗಳು ಮುಂದಿನವುಗಳಿಗಿಂತ ಒಳಗೆ ಬಂದು ಸಂದಿಯನ್ನೇ ಮುಚ್ಚಿಬಿಡುತ್ತವೆ. ಹಿಂದೆಯೇ ನಿಂತು ಅದು ಹೋಗಲು ಬಿಡಿ. ಇದೊಂದನ್ನು ಮನೆಯ ಮಕ್ಕಳಿಗೂ ಹೇಳಿಕೊಡಿ.

ಕತ್ತಲಾದರೆ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಇರಲೇಬೇಕು. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಪಟ್ಟಿ ಬಿಗಿಯಾಗಿರಬೇಕು. ಒಮ್ಮೆ ಜೋರಾಗಿ ಬಿದ್ದು ಏಟು ತಿಂದ ಹೆಲ್ಮೆಟ್ಟನ್ನು ಮತ್ತೆ ಬಳಸಬೇಡಿ.

ಮುಂದಿನ ಬ್ರೇಕ್ ಹಿಡಿದರೆ ಮಗುಚಿ ಬೀಳ್ತೀವಿ ಅಂತಾರೆ, ನಿಜಾನಾ?

ತಟ್ಟನೆ ಗಟ್ಟಿಯಾಗಿ ಹಿಡಿದರೆ ಬೀಳಬಹುದು. ಆದರೆ ಸೈಕಲ್ಲನ್ನು ನಿಲ್ಲಿಸುವ ಶಕ್ತಿಯಲ್ಲಿ ದೊಡ್ಡ ಪಾಲು ಮುಂದಿನ ಬ್ರೇಕಿನದೇ. ವೇಗ ಇಳಿಯುವಾಗ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹಗುರವಾಗಿ ಜಾರುತ್ತದೆ. ಎರಡನ್ನೂ ಒಟ್ಟಿಗೆ, ಮೆಲ್ಲಗೆ ಶುರು ಮಾಡಿ ಬಿಗಿ ಮಾಡುತ್ತಾ ಹೋಗಿ. ಖಾಲಿ ಜಾಗದಲ್ಲಿ ಹತ್ತು ಸಲ ಅಭ್ಯಾಸ ಮಾಡಿದರೆ ಕೈಗೆ ಬರುತ್ತದೆ.

ಹೊಗೆಯಲ್ಲಿ ಉಸಿರಾಡಿದರೆ ಆರೋಗ್ಯ ಕೆಡಲ್ವಾ?

ಈ ಪ್ರಶ್ನೆಯನ್ನು ನೆದರ್ಲೆಂಡ್ಸ್‌ನ ಸಂಶೋಧಕರು 2010ರಲ್ಲಿ ಲೆಕ್ಕ ಹಾಕಿ ನೋಡಿದರು. ಕಾರು ಬಿಟ್ಟು ಸೈಕಲ್ ಹಿಡಿದವರಿಗೆ ವ್ಯಾಯಾಮದಿಂದ ಆಯಸ್ಸು 3 ರಿಂದ 14 ತಿಂಗಳು ಹೆಚ್ಚುತ್ತದೆ. ಹೆಚ್ಚಿಗೆ ಹೊಗೆ ಕುಡಿದದ್ದರಿಂದ 0.8 ರಿಂದ 40 ದಿನ, ಅಪಘಾತದ ಅಪಾಯದಿಂದ 5 ರಿಂದ 9 ದಿನ ಕಡಿಮೆಯಾಗುತ್ತದೆ ಅಂತ ಅವರ ಅಂದಾಜು. ಅದು ಅಲ್ಲಿನ ಗಾಳಿ, ಅಲ್ಲಿನ ರಸ್ತೆಗಳ ಲೆಕ್ಕ. ಗಾಳಿ ತುಂಬ ಕೆಟ್ಟಿರುವ ಕಡೆ ಲಾಭ ಇದಕ್ಕಿಂತ ಕಡಿಮೆಯಿರುತ್ತದೆ. ಅಂಥ ದಿನ ಸೈಕಲ್ ಬಿಟ್ಟರೂ ತಪ್ಪಿಲ್ಲ. ಒಳರಸ್ತೆ ಹಿಡಿಯುವುದು, ಸಿಗ್ನಲ್‌ನಲ್ಲಿ ಹೊಗೆ ಕೊಳವೆಯ ಹಿಂದೆ ನಿಲ್ಲದಿರುವುದು, ಸ್ವಲ್ಪ ಮುಂಚೆ ಹೊರಡುವುದು, ಇವು ನಮ್ಮ ಕೈಯಲ್ಲೇ ಇವೆ. ಉಸಿರಾಟದ ತೊಂದರೆ, ಹೃದಯದ ಕಾಯಿಲೆ ಇರುವವರು ಮೊದಲು ವೈದ್ಯರನ್ನು ಕೇಳಿ.

ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆಚ್ಚಗಾಗುವ ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಹೋಗಿ ಬರುವುದು 40 ನಿಮಿಷವಾದರೆ ನಾಲ್ಕೇ ದಿನಕ್ಕೆ ಅದು ಮುಗಿಯುತ್ತದೆ.

ಬೆವರಿನಲ್ಲಿ ತೊಯ್ದು ಕೆಲಸಕ್ಕೆ ಹೇಗೆ ಹೋಗಲಿ?

ಹತ್ತು ನಿಮಿಷ ಬೇಗ ಹೊರಡಿ, ಅವಸರ ಬೇಡ. ವೇಗ ಹೆಚ್ಚಿದಂತೆ ಗಾಳಿಯ ತಡೆ ಜೋರಾಗಿ ಏರುತ್ತದೆ. ಸ್ವಲ್ಪ ನಿಧಾನ ಮಾಡಿದರೆ ಶ್ರಮ ಬಹಳ ಇಳಿಯುತ್ತದೆ. ಚೀಲವನ್ನು ಬೆನ್ನಿಗೆ ಹಾಕಬೇಡಿ, ಕ್ಯಾರಿಯರ್‌ಗೆ ಕಟ್ಟಿ. ಬೆನ್ನು ಒದ್ದೆಯಾಗುವುದು ಇದರಿಂದಲೇ ಅರ್ಧ ನಿಂತುಹೋಗುತ್ತದೆ. ಕೊನೆಯ ಒಂದು ಕಿಲೋಮೀಟರ್ ಬರೀ ಕಾಲು ಆಡಿಸಿಕೊಂಡು ಹೋಗಿ. ತಲುಪಿದ ಮೇಲೆ ಐದು ನಿಮಿಷ ಆರಿಸಿಕೊಂಡು, ಮುಖ ತೊಳೆದು, ಅಂಗಿ ಬದಲಿಸಿ.

ಮಳೆಗಾಲದಲ್ಲಿ?

ಮಡ್‌ಗಾರ್ಡ್ ಇರಲಿ, ಚೀಲಕ್ಕೆ ನೀರು ಇಳಿಯದ ಹೊದಿಕೆ ಇರಲಿ. ರಿಮ್ ಒದ್ದೆಯಾದರೆ ಬ್ರೇಕ್ ತಡವಾಗಿ ಹಿಡಿಯುತ್ತದೆ. ಮ್ಯಾನ್‌ಹೋಲ್ ಮುಚ್ಚಳ, ಬಣ್ಣದ ಗೆರೆ, ರೈಲು ಹಳಿ ಇವು ಜಾರುತ್ತವೆ, ಅವುಗಳ ಮೇಲೆ ತಿರುಗಿಸಲೂ ಬೇಡಿ, ಬ್ರೇಕೂ ಹಿಡಿಯಬೇಡಿ. ನೀರು ನಿಂತ ಕಡೆ ಕೆಳಗೆ ಏನಿದೆ ಗೊತ್ತಿಲ್ಲ, ಇಳಿದು ತಳ್ಳಿ. ಮನೆಗೆ ಬಂದ ಮೇಲೆ ಚೈನು ಒರೆಸಿ ಒಂದು ಹನಿ ಎಣ್ಣೆ.

ಜಡಿಮಳೆ ಬಂದ ದಿನ ಬಸ್ಸಿನಲ್ಲಿ ಹೋಗಿ. ದಿನಾ ತುಳಿಯಲೇಬೇಕು ಅಂತ ಹಟ ಹಿಡಿದವರೇ ಬೇಗ ಬಿಡುವುದು.

ಎಲೆಕ್ಟ್ರಿಕ್ ಸೈಕಲ್ ಹೇಗೆ?

ಏರು ಜಾಸ್ತಿ, ದೂರ ಜಾಸ್ತಿ, ಅಥವಾ ವಯಸ್ಸಾಗಿದೆ ಅನ್ನುವವರಿಗೆ ಇದು ನಿಜವಾದ ವರ. ನೀವು ತುಳಿದಾಗ ಮೋಟಾರು ಕೈಜೋಡಿಸುತ್ತದೆ. ಯುರೋಪಿನ ನಿಯಮದಲ್ಲಿ 250 ವ್ಯಾಟ್ ಒಳಗಿನ ಮೋಟಾರು ಗಂಟೆಗೆ 25 ಕಿಲೋಮೀಟರ್‌ವರೆಗೆ ಮಾತ್ರ ನೆರವಾದರೆ ಅದು ಸೈಕಲ್ ಅಂತಲೇ ಲೆಕ್ಕ. ಕಿಲೋಮೀಟರಿಗೆ ಸುಮಾರು 10 ವ್ಯಾಟ್-ಅವರ್ ವಿದ್ಯುತ್ ಸಾಕು. ಅಂದರೆ ಒಂದು ಯೂನಿಟ್ಟಿನಲ್ಲಿ, ಎಂದರೆ 1000 ವ್ಯಾಟ್-ಅವರ್‌ನಲ್ಲಿ, ಹೆಚ್ಚುಕಡಿಮೆ 100 ಕಿಲೋಮೀಟರ್. ಆದರೆ ಬ್ಯಾಟರಿ ಕೆಲವು ವರ್ಷಕ್ಕೆ ಸೊರಗುತ್ತದೆ, ಬದಲಿಸಲು ಖರ್ಚಾಗುತ್ತದೆ. ಕೊಳ್ಳುವಾಗಲೇ ಹೊಸ ಬ್ಯಾಟರಿಯ ಬೆಲೆ ಕೇಳಿಕೊಳ್ಳಿ. ಆ ಸೈಕಲ್ಲಿಗೆ ಕೊಟ್ಟ ಚಾರ್ಜರನ್ನೇ ಬಳಸಿ.

ಕಳ್ಳತನದ ಭಯ?

ಒಂದು ಗಟ್ಟಿ ಯು ಆಕಾರದ ಬೀಗ ತೆಗೆದುಕೊಳ್ಳಿ. ಬರೀ ಚಕ್ರಕ್ಕಲ್ಲ, ಫ್ರೇಮನ್ನೂ ಸೇರಿಸಿ ನೆಲಕ್ಕೆ ಹೂತ ಕಂಬಕ್ಕೆ ಬೀಗ ಹಾಕಿ. ಪೆಡಲ್ ಅಚ್ಚಿನ ಕೆಳಗೆ ಸಾಮಾನ್ಯವಾಗಿ ಫ್ರೇಮ್ ನಂಬರ್ ಕೊರೆದಿರುತ್ತದೆ. ಅದರ ಫೋಟೊ ತೆಗೆದಿಟ್ಟುಕೊಳ್ಳಿ.

ಇಂಧನದ ಬೆಲೆ ಇಳಿದರೆ ಎಲ್ಲರೂ ವಾಪಸ್ ಗಾಡಿಗೇ ಹೋಗ್ತಾರೆ, ಅಲ್ವಾ?

ಹಿಂದೆ ಹಾಗೆ ಆಗಿದೆ. ಆಗದೇ ಇರುವುದೂ ಇದೆ. ಆ ವ್ಯತ್ಯಾಸ ಎಲ್ಲಿಂದ ಬಂತು ಅಂತ ನೋಡಬೇಕು.

1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ಕೆಲವು ದೇಶಗಳಿಗೆ ತೈಲ ಕೊಡುವುದನ್ನು ನಿಲ್ಲಿಸಿದವು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಅಮೆರಿಕದಲ್ಲಿ ಸೈಕಲ್ ಹುಚ್ಚು ಅದಕ್ಕೂ ಮೊದಲೇ ಶುರುವಾಗಿತ್ತು. 1973ರಲ್ಲಿ ಅಲ್ಲಿ ಸುಮಾರು 1.5 ಕೋಟಿ ಸೈಕಲ್ ಮಾರಾಟವಾದವು. ಎರಡೇ ವರ್ಷದಲ್ಲಿ ಅದು ಅರ್ಧಕ್ಕೆ ಬಿತ್ತು. ರಸ್ತೆಗಳು ಕಾರಿಗಾಗಿ ಮಾಡಿದವು, ಹಾಗೇ ಉಳಿದವು. ಕ್ಯೂಬಾದ್ದೂ ಇಂಥದ್ದೇ ಕಥೆ. ಸೋವಿಯತ್ ಒಕ್ಕೂಟ ಬಿದ್ದು ತೈಲ ನಿಂತಾಗ, 1990ರ ದಶಕದಲ್ಲಿ ಕ್ಯೂಬಾ ಚೀನಾದಿಂದ ಹತ್ತು ಲಕ್ಷಕ್ಕೂ ಹೆಚ್ಚು ಸೈಕಲ್ ತರಿಸಿತು. ತೈಲ ಮತ್ತೆ ಸಿಗತೊಡಗಿದಂತೆ ಸೈಕಲ್‌ಗಳು ಕಡಿಮೆಯಾದವು.

ನೆದರ್ಲೆಂಡ್ಸ್‌ನಲ್ಲಿ ಮಾತ್ರ ಬೇರೆಯೇ ಆಯಿತು. ಅಲ್ಲೂ ಎರಡನೇ ಮಹಾಯುದ್ಧದ ನಂತರ ಕಾರುಗಳು ತುಂಬಿಕೊಂಡಿದ್ದವು. 1971 ಒಂದೇ ವರ್ಷ ರಸ್ತೆಯಲ್ಲಿ 3000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಕ್ಕಳ ಸಾವು ನಿಲ್ಲಿಸಿ ಅಂತ ಅಪ್ಪ ಅಮ್ಮಂದಿರು ಬೀದಿಗಿಳಿದರು. ಅದೇ ಹೊತ್ತಿಗೆ ತೈಲದ ಬಿಕ್ಕಟ್ಟು ಬಂತು. 1973ರ ನವೆಂಬರ್ 4ನ್ನು ಕಾರಿಲ್ಲದ ಭಾನುವಾರ ಅಂತ ಸರ್ಕಾರ ಘೋಷಿಸಿತು. ಖಾಲಿ ಹೆದ್ದಾರಿಯಲ್ಲಿ ಜನ ಸೈಕಲ್ ತುಳಿದರು. ಆಮೇಲೆ ಸುಮ್ಮನಾಗಲಿಲ್ಲ. ಸೈಕಲ್ಲಿಗೇ ಅಂತ ಬೇರೆ ದಾರಿ, ಬೇರೆ ಸಿಗ್ನಲ್ ಮಾಡಿದರು. ಖ್ರೋನಿಂಗನ್ ನಗರ 1977ರಲ್ಲಿ ತನ್ನ ನಡುಭಾಗವನ್ನು ನಾಲ್ಕು ಪಾಲು ಮಾಡಿತು. ಒಂದು ಪಾಲಿನಿಂದ ಇನ್ನೊಂದಕ್ಕೆ ಕಾರು ಹೊರಗಿನಿಂದ ಸುತ್ತಿ ಬರಬೇಕು, ಸೈಕಲ್ ನೇರವಾಗಿ ಹೋಗಬಹುದು. ಈಗ ಆ ದೇಶದಲ್ಲಿ ಜನರ ಓಡಾಟದಲ್ಲಿ ಕಾಲು ಭಾಗಕ್ಕೂ ಹೆಚ್ಚು ಸೈಕಲ್ ಮೇಲೆಯೇ.

ಬೆಲೆ ಏರಿದ್ದರಿಂದ ಈಗ ಸೈಕಲ್ ಹತ್ತಿದ ಜನರನ್ನು ನೋಡಿದಾಗ ನನಗೆ ಇದೇ ನೆನಪಾಗುತ್ತದೆ. ರಸ್ತೆಯಲ್ಲಿ ಸೈಕಲ್ ಹೆಚ್ಚಿರುವಾಗಲೇ ಜಾಗ ಕೇಳಬೇಕು. ಬೆಲೆ ಇಳಿದ ಮೇಲೆ ಕೇಳಿದರೆ ಕೇಳಿಸಿಕೊಳ್ಳುವವರು ಸಿಗುವುದು ಕಷ್ಟ.

ನಾನೊಬ್ಬ ಕೇಳಿದರೆ ಏನಾಗುತ್ತದೆ?

ಸಣ್ಣದನ್ನು ಕೇಳಿ. ಕೆಲಸದ ಜಾಗದಲ್ಲಿ ನೆರಳಿರುವ ಸೈಕಲ್ ಸ್ಟ್ಯಾಂಡ್, ಕೈಕಾಲು ತೊಳೆದು ಬಟ್ಟೆ ಬದಲಿಸಲು ಜಾಗ, ಒಂದು ಪಂಪು. ಒಂದು ಕಾರು ನಿಲ್ಲಿಸುವ ಜಾಗದಲ್ಲಿ ಎಂಟು ಹತ್ತು ಸೈಕಲ್ ನಿಲ್ಲುತ್ತವೆ, ಈ ಮಾತು ಆಡಳಿತದವರಿಗೆ ಬೇಗ ಅರ್ಥವಾಗುತ್ತದೆ. ನಾಲ್ಕು ಜನ ಸೇರಿ ಒಂದೇ ಅರ್ಜಿ ಬರೆಯಿರಿ. ಸ್ಥಳೀಯ ಆಡಳಿತಕ್ಕೆ ಬರೆಯುವಾಗ "ಸೈಕಲ್ ದಾರಿ ಬೇಕು" ಅನ್ನುವುದಕ್ಕಿಂತ ಯಾವ ರಸ್ತೆ, ಯಾವ ತಿರುವು, ಯಾವ ಗುಂಡಿ ಅಂತ ಫೋಟೊ ಸಮೇತ ಬರೆಯಿರಿ.

ಸೈಕಲ್ ಓಡಿಸೋಕೆ ಬರೋದೇ ಇಲ್ಲ. ಈ ವಯಸ್ಸಿನಲ್ಲಿ ಕಲಿಯಬಹುದಾ?

ಖಂಡಿತ. ಈ ಪ್ರಶ್ನೆಯನ್ನು ಜನ ಸಂಕೋಚದಿಂದ, ಮೆಲ್ಲಗೆ ಕೇಳುತ್ತಾರೆ. ಸಂಕೋಚ ಬೇಡ. ನಲವತ್ತು, ಐವತ್ತು ದಾಟಿದವರೂ ಕಲಿಯುತ್ತಾರೆ.

ಯಾರೋ ಹಿಂದೆ ಹಿಡಿದುಕೊಂಡು ಓಡುವುದು ಬೇಡ. ಎರಡೂ ಪೆಡಲ್ ಬಿಚ್ಚಿಸಿ. ಎಡಗಡೆಯ ಪೆಡಲ್ ಉಲ್ಟಾ ತಿರುಗಿಸಿದರೆ ಬಿಚ್ಚುತ್ತದೆ, ನೆನಪಿರಲಿ. ಪಾದ ಪೂರ್ತಿ ಊರುವಷ್ಟು ಸೀಟು ಇಳಿಸಿ, ಕಲಿಯುವಾಗ ಮಾತ್ರ ಹೀಗೆ. ಸಮತಟ್ಟಾದ ಖಾಲಿ ಜಾಗದಲ್ಲಿ ಕೂತುಕೊಂಡೇ ನಡೆಯಿರಿ. ಆಮೇಲೆ ನೆಲವನ್ನು ಕಾಲಿನಿಂದ ಒದ್ದು ಎರಡೂ ಪಾದ ಎತ್ತಿ ತೇಲಿ. ದೂರಕ್ಕೆ ನೋಡಿ, ಚಕ್ರವನ್ನಲ್ಲ. ಹತ್ತು ಮೀಟರ್ ತೇಲಲು ಬಂತು ಅಂದರೆ ಪೆಡಲ್ ಹಾಕಿಸಿ.

ಮೊದಲ ಸೈಕಲ್ ಕೂಡ ಹೀಗೇ ಓಡಿದ್ದು. ಜರ್ಮನಿಯ ಕಾರ್ಲ್ ಡ್ರೈಸ್ 1817ರ ಜೂನ್ 12ರಂದು ಮ್ಯಾನ್‌ಹೈಮ್‌ನಲ್ಲಿ ತನ್ನ ಮರದ ಎರಡು ಚಕ್ರದ ಗಾಡಿಯಲ್ಲಿ ಕೂತು, ನೆಲವನ್ನು ಒದೆಯುತ್ತಾ ಹೋಗಿ ಬಂದ. ಅದಕ್ಕೆ ಪೆಡಲ್ ಇರಲಿಲ್ಲ. ಎರಡು ವರ್ಷ ಮೊದಲು ಇಂಡೊನೇಷ್ಯಾದಲ್ಲಿ ಟಂಬೋರಾ ಜ್ವಾಲಾಮುಖಿ ಸಿಡಿದಿತ್ತು. ಅದು ಆಕಾಶಕ್ಕೆ ಉಗುಳಿದ್ದು ಬಿಸಿಲಿಗೆ ಅಡ್ಡಬಂದು 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ, ಬೆಳೆ ಹೋಯಿತು, ಕುದುರೆಗೆ ಹಾಕುವ ಓಟ್ಸ್ ದುಬಾರಿಯಾಯಿತು. ಕುದುರೆ ಸಾಕಲಾಗದ ಆ ದಿನಗಳೇ ಅವನನ್ನು ಈ ಗಾಡಿಯ ಕಡೆ ನಡೆಸಿದವು ಅಂತ ಕೆಲವು ಇತಿಹಾಸಕಾರರು ಹೇಳುತ್ತಾರೆ.

ದಿನಕ್ಕೆ ಅರ್ಧ ಗಂಟೆ ಕೊಡಿ. ಹೆಚ್ಚಿನವರಿಗೆ ಒಂದು ವಾರ ಹಿಡಿಯುತ್ತದೆ. ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ, ಶೂ ಹಾಕಿಕೊಳ್ಳಿ, ಮೊದಲ ದಿನವೇ ಬ್ರೇಕ್ ಹಿಡಿಯುವುದನ್ನು ಕಲಿತುಕೊಳ್ಳಿ.